ವಾಲಿದ ಗೋಪುರ

ಕೊಲ್ಲಾಪುರಮ್ಮ ಗಂಡನ ಮುಂಗೈ ಹಿಡಿದುಕೊಂಡು ಜನರ ನಡುವೆ ನುಗ್ಗಿದಳು. ಮೈಸೂರು ಅರಮನೆಯ ಅಂಗಳ ಬಿಸಿಲಿಗೆ ಕಾದ ಹೆಂಚಾಗಿತ್ತು.

"ನಿಧಾನ ಕಣೇ, ಅರಮನೆ ಎಲ್ಲಿಗೂ ಓಡೋಗಲ್ಲ," ಎಂದ ಸಣ್ಣರಂಗಯ್ಯ.

"ನಮ್ ಬಸ್ಸು ಓಡೋಯ್ತದೆ, ಬಾ."

ಮದುವೆಯಾದ ವಾರವೇ ಇಬ್ಬರೂ ಮಧುಗಿರಿಯ ಸ್ಟುಡಿಯೋದಲ್ಲಿ ಇದೇ ಅರಮನೆಯ ಮುಂದೆ ನಿಂತಿದ್ದರು. ಅದು ಬಣ್ಣದಲ್ಲಿ ಬರೆದ ಪರದೆ. ಪರದೆ ಸುಕ್ಕಾಗಿದ್ದರಿಂದ ಫೋಟೋದಲ್ಲಿ ನಡುಗೋಪುರ ಸೊಂಟ ಉಳುಕಿದಂತೆ ವಾಲಿತ್ತು. ಅವರೂರು ಕೊಳಾಲದ ಮನೆಗೆ ಬಂದವರೆಲ್ಲ ಗೋಡೆಯ ಮೇಲಿನ ಆ ಫೋಟೋ ನೋಡಿ, "ಏನ್ ರಂಗಣ್ಣ, ನಿನ್ನೆಂಡ್ರು ಒರಗಿದ್ದಕ್ಕೇ ಅರಮನೆ ವಾಲ್ಬುಡ್ತಾ?" ಎಂದು ನಗುತ್ತಿದ್ದರು. ಮುಂದಿನ ವರ್ಷ ನಿಜವಾದದ್ದರ ಮುಂದೆಯೇ ನಿಲ್ಲಿಸುತ್ತೇನೆಂದು ಗಂಡ ಹೇಳುತ್ತ ಹೇಳುತ್ತಲೇ ಮೊಮ್ಮಕ್ಕಳಾದರು.

ಅಂಗಳದಲ್ಲಿ ದುಡ್ಡಿಗೆ ಫೋಟೋ ತೆಗೆಯುವವನೊಬ್ಬ ಇಬ್ಬರನ್ನೂ ಅರಮನೆಯ ಮುಂದೆ ನಿಲ್ಲಿಸಿ ಕ್ಯಾಮೆರಾ ಎತ್ತಿದ, ಮತ್ತೆ ಇಳಿಸಿದ. ಪ್ರವಾಸಕ್ಕೆ ಬಂದ ಶಾಲೆಯೊಂದು ಅಡ್ಡ ಹಾಯುತ್ತಿತ್ತು; ಆ ಸಾಲು ಮುಗಿಯುವ ಹಾಗೆ ಕಾಣಲಿಲ್ಲ. ಗೇಟಿನಾಚೆ ಅವರ ಬಸ್ಸು ಹಾರನ್ ಹೊಡೆಯಿತು.

"ಅಮ್ಮಾ, ಆ ಮರದ ನೆರಳಲ್ಲಿ ನಿಂತ್ಕೊಳ್ಳಿ. ಅರಮನೇನ ಕಂಪ್ಯೂಟರಲ್ಲಿ ನಿಮ್ಮ ಹಿಂದೆ ಕೂರಿಸಿ ಕೊಡ್ತೀನಿ. ಒಬ್ಬರೂ ಅಡ್ಡ ಇರಲ್ಲ, ನಿಜದ್ದಕ್ಕಿಂತ ಚೆನ್ನಾಗಿರುತ್ತೆ," ಎಂದ ಫೋಟೋದವನು.

"ಅಂಗೇ ಮಾಡ್ಸನ ಕಣೇ, ಯಾರಿಗ್ ಗೊತ್ತಾಯ್ತದೆ?" ಸಣ್ಣರಂಗಯ್ಯ ಆಗಲೇ ಮರದ ಕಡೆ ತಿರುಗಿದ್ದ.

ಕೊಲ್ಲಾಪುರಮ್ಮ ಅವನನ್ನು ಪಕ್ಕಕ್ಕೆ ಎಳೆದುಕೊಂಡು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಗೋಪುರಕ್ಕೆ ಬೆನ್ನು ಕೊಟ್ಟು ನೆಟ್ಟಗೆ ನಿಂತಳು.

"ನಂಗೆ ಇನ್ನೊಂದು ಪರದೆ ಬ್ಯಾಡ."