ಟೈಲರಮ್ಮನ ಕಡಲೇಕಾಯಿ ಅಲರ್ಜಿ

ಟೈಲರಮ್ಮನ ಅಲರ್ಜಿ ಹುಟ್ಟಿದ್ದೇ ಅವಳ ಅತ್ತಿಗೆಯ ಬೇಕರಿಯಲ್ಲಿ. ಅತ್ತಿಗೆ ಮಾಡುವ ಕಡಲೇಕಾಯಿ ಬಿಸ್ಕತ್ತು ಕಚ್ಚಿದರೆ ಹಲ್ಲು ಅಲ್ಲಾಡುತ್ತಿತ್ತು. ಚೆನ್ನಾಗಿಲ್ಲ ಅನ್ನಲು ಬಾಯಿ ಬಾರದೆ, "ಕಡಲೇಕಾಯಿ ತಿಂದ್ರೆ ನಂಗೆ ಗಂಟಲು ಊದುತ್ತೆ" ಎಂದು ಜಾರಿಕೊಂಡಳು. ವರ್ಷಗಟ್ಟಲೆ ಇದೇ ನಡೆಯಿತು. ಹೋದ ವಾರ ಹೊಲಿಗೆ ಮೆಷಿನ್ ಹಿಂದೆ ಕೂತು ಹುರಿದ ಕಡಲೇಕಾಯಿ ಮುಕ್ಕುತ್ತಾ ಸಿಕ್ಕಿಬಿದ್ದಳು. ಆಗಲಾದರೂ ನಿಜ ಹೇಳಬಾರದೇ, ಮಹಾತಾಯಿ! "ಈಗ ವಾಸಿಯಾಗಿದೆ" ಎಂದಳು. ಮನೆಯವರೆಲ್ಲ ಬಿದ್ದು ಬಿದ್ದು ನಕ್ಕರು. ನಂಬಿದ್ದು ಅಣ್ಣನ ಮಗಳು ಪುಟ್ಟಿ ಒಬ್ಬಳೇ.

ಇವತ್ತು ಬಿಸ್ಕತ್ತು ಕಚ್ಚಿದ ಪುಟ್ಟಿ, "ಅಮ್ಮಾ, ನಾಲಿಗೆ ತುರಿಸ್ತಿದೆ" ಎಂದು ತಟ್ಟೆ ದೂಡಿದಳು.

"ನಿಮ್ಮತ್ತೆ ನಾಟಕ ನೀನೂ ಕಲಿತ್ಯಾ? ಸುಮ್ನೆ ತಿನ್ನು" ಎಂದಳು ಅತ್ತಿಗೆ. ಟೈಲರಮ್ಮನೂ ಕಿಸಕ್ಕನೆ ನಕ್ಕಳು. ಪುಟ್ಟಿ ಕಣ್ಣೊರೆಸಿಕೊಂಡು ತಿಂದಳು.

ನೋಡನೋಡುತ್ತ ಮಗುವಿನ ತುಟಿ ದಪ್ಪಗಾಯಿತು, ಕತ್ತಿನ ತುಂಬ ದದ್ದು ಎದ್ದವು, ಉಸಿರು ಸಿಳ್ಳೆ ಹಾಕತೊಡಗಿತು. ಎತ್ತಿಕೊಂಡು ಆಸ್ಪತ್ರೆಗೆ ಓಡಿದರು. ನಕ್ಕ ಬಾಯನ್ನು ಹೊಲಿದುಬಿಡಬೇಕು ಅನ್ನಿಸಿತು ಟೈಲರಮ್ಮನಿಗೆ.

ಇಂಜೆಕ್ಷನ್ ಕೊಟ್ಟು, ಉಸಿರು ಹದಕ್ಕೆ ಬಂದ ಮೇಲೆ ಡಾಕ್ಟರ್ ಹೇಳಿದರು: "ರೋಗದ ಜೊತೆ ಹೊಡೆದಾಡೋಕೆ ಮೈಯೊಳಗೆ ಒಂದು ಶಕ್ತಿ ಇರುತ್ತೆ. ಇವಳದ್ದು ಕಡಲೇಕಾಯಿನೇ ಶತ್ರು ಅಂದ್ಕೊಂಡಿದೆ. ಆ ಹೊಡೆದಾಟಕ್ಕೇ ಗಂಟಲು ಊದ್ಕೊಂಡಿದ್ದು. ಇನ್ಮೇಲೆ ಒಂದು ಚೂರೂ ಕೂಡದು."

ಡಾಕ್ಟರ್ ಅತ್ತ ಹೋದದ್ದೇ ಪುಟ್ಟಿ ಟೈಲರಮ್ಮನ ಬೆರಳು ಹಿಡಿದಳು. "ನಂಗೂ ವಾಸಿಯಾಗುತ್ತೆ ಅಲ್ವಾ ಅತ್ತೆ? ನಿಂಗೆ ಆಯ್ತಲ್ಲ. ಆಮೇಲೆ ಇಬ್ರೂ ಕದ್ದು ತಿನ್ನೋಣ."

ಟೈಲರಮ್ಮ ನಾಚಿಕೆಯಿಂದ ಹಿಡಿಯಷ್ಟಾದಳು. ಹೂಂ ಅಂದರೆ ಈ ಮಗು ನಾಳೆಯೋ ನಾಡಿದ್ದೋ ಒಂದು ಕಾಳು ಬಾಯಿಗೆ ಹಾಕಿಕೊಳ್ಳುತ್ತದೆ.

"ನಂಗೆ ಅದು ಬಂದೇ ಇರ್ಲಿಲ್ಲ ಕಣೇ. ಸುಳ್ಳು ಹೇಳಿದ್ದೆ. ನೀನು ಮಾತ್ರ ತಿನ್ನಲೇಬಾರದು."

"ಯಾಕೆ ಸುಳ್ಳು ಹೇಳ್ದೆ?"

"ನಿಮ್ಮಮ್ಮನ ಬಿಸ್ಕತ್ತು ನಂಗೆ ಸೇರ್ತಿರ್ಲಿಲ್ಲ."

ಮಂಚದ ಆ ಬದಿಗೆ ಅತ್ತಿಗೆ ನಿಂತಿದ್ದಳು. ಬಾಯಿಗೆ ಬಂದಂತೆ ಬಯ್ಯಲಿ, ಹಾಗಾದರೂ ಹಗುರಾಗುತ್ತದೆ ಎಂದು ಟೈಲರಮ್ಮ ತಲೆ ತಗ್ಗಿಸಿ ಕಾದಳು. ಅತ್ತಿಗೆ ಬಯ್ಯಲಿಲ್ಲ. ಮಗಳ ಊದಿದ ತುಟಿಯನ್ನೇ ನೋಡುತ್ತಿದ್ದಳು.

"ಅಷ್ಟು ಅಂದಿದ್ರೆ ಸಾಕಿತ್ತಲ್ಲೇ," ಎಂದಳು. "ಇವತ್ತು ಇವಳ ಮಾತು ನಂಬ್ತಿದ್ದೆ."