ಹೆಗಲ ಮೇಲೆ ಇಂಗಿದ ನೀರು

ಚೊಂಬಿನ ನೀರು ಸುರಿದದ್ದೇ ತಡ, ಜಾಕೆಟ್ಟು ಬಾಯಾರಿದ ಎಮ್ಮೆಯ ಹಾಗೆ ಅಷ್ಟನ್ನೂ ಹೀರಿಕೊಂಡಿತು.

“ನೋಡು ನಿನ್ನ ಘನಂದಾರಿ ಕೆಲಸ! ಮಳೆ ಜಾಕೆಟ್ಟು ಒಗೆಯೋವಾಗ ಯಾರಾದ್ರೂ ಘಮಘಮ ಅನ್ನೋ ಲಿಕ್ವಿಡ್ ಹಾಕ್ತಾರಾ? ಟವರ್ ಮೇಲೇನು ನಂಗೆ ಹೆಣ್ಣು ತೋರಿಸ್ತಾರಾ?”

“ನಾರ್ತಿತ್ತು ಕಣೋ,” ಎಂದಳು ಅಕ್ಕ. “ನಾಯಿ ಕೂಡ ಮೂಸದೆ ಹೋಗ್ತಿತ್ತು.”

ತಮ್ಮನಿಗೆ ನಗು ಬರಲಿಲ್ಲ. ಹೋದ ವಾರ ಮೊಬೈಲ್ ಟವರನ್ನು ಅರ್ಧ ಹತ್ತುವಷ್ಟರಲ್ಲೇ ನೆನೆದು, ನಡುಗುತ್ತ ಇಳಿದು ಬಂದಿದ್ದ. “ಇನ್ನೊಂದ್ಸಲ ಹೀಗೆ ಇಳಿದ್ರೆ ಸೀದಾ ಮನೆಗೇ ಹೋಗು,” ಎಂದಿದ್ದರು ಮೇಸ್ತ್ರಿ. ಇವತ್ತು ಮಧ್ಯಾಹ್ನ ಮತ್ತೆ ಹತ್ತಬೇಕು. ಹೊರಗೆ ಮಳೆ ಬಿಡುವ ಲಕ್ಷಣವೇ ಇಲ್ಲ.

ಲಿಕ್ವಿಡ್ಡಿನ ವಾಸನೆ ಹೋಗುವವರೆಗೆ ಜಾಲಿಸಿದ. ನೀರು ಹಿಡಿಯದ ಹಾಗೆ ಮಾಡುವ ಸ್ಪ್ರೇಯನ್ನು ಅಂಗಡಿಯಿಂದ ತಂದು ಹೊಡೆದ. ಫ್ಯಾನಿನಡಿ ಹರವಿ, ಒಣಗುವಷ್ಟೂ ಹೊತ್ತು ಬಾಗಿಲಿಗೂ ಕಿಟಕಿಗೂ ಶತಪಥ ಹಾಕಿದ. ಸ್ಪ್ರೇ ಬಟ್ಟೆಗೆ ಕಚ್ಚಬೇಕಾದರೆ ಹದವಾದ ಶಾಖ ಕೊಡಬೇಕು ಅಂತ ಅಂಗಡಿಯವನು ಹೇಳಿದ್ದ. ಹದ ಅನ್ನುವುದು ಇವನ ಜಾಯಮಾನದಲ್ಲೇ ಇರಲಿಲ್ಲ. ಇಸ್ತ್ರಿಪೆಟ್ಟಿಯ ತಿರುಪನ್ನು ಕೊನೆಯವರೆಗೂ ತಿರುಗಿಸಿದ.

ಅಕ್ಕ ವೈರು ಕಿತ್ತಳು. “ಉರೀತಿರೋದು ನೀನು. ಅದನ್ಯಾಕೆ ಸುಡ್ತೀಯ? ಕೊಡಿಲ್ಲಿ.”

ತೆಳುವಾದ ಹಳೇ ಬಟ್ಟೆಯೊಂದನ್ನು ಮೇಲೆ ಹಾಸಿ, ಸಣ್ಣ ಶಾಖದಲ್ಲಿ ತೋಳು, ಬೆನ್ನು ಅಂತ ಸಾವಕಾಶವಾಗಿ ಇಸ್ತ್ರಿ ಮಾಡಿದಳು. ಅವನು ಹಲ್ಲು ಕಡಿಯುತ್ತ ನಿಂತಿದ್ದ. ಆಮೇಲೆ ನೀರು ಚಿಮುಕಿಸಿದರೆ ಬೆನ್ನ ಮೇಲಿನ ಹನಿಗಳು ಮಣಿಗಳ ಹಾಗೆ ಉರುಳಿ ನೆಲಕ್ಕೆ ಬಿದ್ದವು. ಹೆಗಲ ಮೇಲಿನವು ಮಾತ್ರ ಇಂಗಿದವು. ಟವರ್ ಹತ್ತುವಾಗ ಬಿಗಿಯುವ ಬೆಲ್ಟು ದಿನಾ ಉಜ್ಜುವ ಜಾಗ ಅದು. ಬಟ್ಟೆ ಅಲ್ಲಿ ಬೆಳ್ಳಗೆ ಸವೆದಿತ್ತು.

“ಹೋದ ವಾರ ನೆನೆದಾಗ ನಾನಿದನ್ನ ಇನ್ನೂ ಒಗೆದೇ ಇರ್ಲಿಲ್ಲ ಅಲ್ವೇನೋ,” ಎಂದಳು ಅಕ್ಕ, ತಲೆ ಎತ್ತದೆ.

ಅವನು ಸವೆದ ಜಾಗವನ್ನು ಬೆರಳಿಂದ ಸವರಿದ. ಬೀದಿಯಲ್ಲಿ ಮೇಸ್ತ್ರಿಯ ಜೀಪಿನ ಹಾರನ್ನು ಬಡಿದುಕೊಂಡಿತು.

“ಹೆಗಲಿಗೆ ಇನ್ನೊಂದ್ಸಲ ಸ್ಪ್ರೇ ಹೊಡಿ ಅಕ್ಕಾ,” ಎಂದವನೇ ಬರೀ ಅಂಗಿಯಲ್ಲಿ ಮಳೆಗೆ ಓಡಿದ. ಯಾರ ಹತ್ತಿರವೂ ಏನನ್ನೂ ಕೇಳಿ ಅಭ್ಯಾಸವಿಲ್ಲದ ನಾಲಿಗೆ ತೊದಲಿತು. “ಮೇಸ್ತ್ರಿಗಳೇ, ಸ್ವಲ್ಪ ಹೊತ್ತು… ಅಕ್ಕ ಇಸ್ತ್ರಿ ಮಾಡ್ತಿದಾಳೆ.”

ಮೇಸ್ತ್ರಿ ಗಾಜು ಇಳಿಸಿ ಅವನನ್ನು ಮೇಲಿಂದ ಕೆಳಗೆ ನೋಡಿದರು. “ಹತ್ತೋ ಮೊದ್ಲೇ ನೆಂದ್ಯಲ್ಲೋ, ಕೋತಿ.”

ಇಂಜಿನ್ನು ಆಫ್ ಆಯಿತು. ಕಿಟಕಿಯೊಳಗೆ ಅಕ್ಕ ಜಾಕೆಟ್ಟಿನ ಹೆಗಲನ್ನು ಬಾಯಿಗೆ ಹತ್ತಿರ ಹಿಡಿದು ಊದುತ್ತಿದ್ದಳು.