ಮೂರು ಕಚ್ಚಿನ ಬಿಲ್ಲೆ

ನಾಲ್ಕನೆಯ ಹಂತದ ಪರೀಕ್ಷೆಯಲ್ಲಿ ಮೈದುನನನ್ನು ನಾನು ಎರಡು ಸಲ ಫೇಲ್ ಮಾಡಿದೆ. ಮೊದಲ ಸಲ ಅವನು ಕಟ್ಟಿದ ಗಂಟು ಸಡಿಲ ಎಂದೆ. ಎರಡನೆಯ ಸಲ ಕಾಲು ಬಡಿದು ಕೆಸರೆಬ್ಬಿಸಿದ ಎಂದೆ. ಎರಡೂ ಶುದ್ಧ ಸುಳ್ಳು. ಆ ಗಂಟು ಬಿಚ್ಚಲು ನಾನು ಹಲ್ಲು ಹಚ್ಚಬೇಕಾಗಿ ಬಂದಿತ್ತು.

ನೀರಿನಡಿಯ ಗುಹೆಗಳಲ್ಲಿ ಈಜುವುದನ್ನು ಕಲಿಸುವುದು ನನ್ನ ಕೆಲಸ. ನಮ್ಮಲ್ಲಿ ಯಾರನ್ನೂ ಒಂದೇ ಏಟಿಗೆ ಒಳಗೆ ಬಿಡುವುದಿಲ್ಲ. ಮೊದಲ ಹಂತದಲ್ಲಿ, ತಿರುಗಿ ನೋಡಿದರೆ ಗುಹೆಯ ಬಾಯಿಯ ಬೆಳಕು ಕಾಣುವಷ್ಟೇ ದೂರ. ಎರಡನೆಯದರಲ್ಲಿ ಬೆಳಕು ಬಿಟ್ಟು, ಒಳಗೆ ಎಳೆದಿರುವ ದಾರದ ಜೊತೆ ನೆಟ್ಟಗೆ ಹೋಗಿ ನೆಟ್ಟಗೆ ಬರಬೇಕು. ಕವಲು ಸಿಕ್ಕರೆ ಅಲ್ಲಿಂದಲೇ ವಾಪಸ್. ಮೂರನೆಯದರಲ್ಲಿ ಒಂದು ಕವಲು ದಾಟಬಹುದು. ನಾಲ್ಕನೆಯದು ಪಾಸಾದರೆ ಕಾರ್ಡು ಸಿಗುತ್ತದೆ, ಆಮೇಲೆ ಅವರನ್ನು ತಡೆಯುವವರಿಲ್ಲ. ಸಮುದ್ರದಲ್ಲಿ ಮುಳುಗಿ ಮೀನು ನೋಡಿ ಬಂದು ಜಂಬ ಕೊಚ್ಚುವವರು ಎರಡನೆಯ ಹಂತದಲ್ಲೇ ಬಾಲ ಮುದುರಿಕೊಳ್ಳುತ್ತಾರೆ. ಅದನ್ನು ನೋಡುವುದು ನನಗೆ ಬಹಳ ಇಷ್ಟ.

ಮೂರನೆಯ ಹಂತದಲ್ಲಿ ಬಿಲ್ಲೆ ಕೈಗೆ ಬರುತ್ತದೆ. ಅಂಗೈಯಲ್ಲಿ ಮುಚ್ಚಿಡಬಹುದಾದ ಪ್ಲಾಸ್ಟಿಕ್ ಬಿಲ್ಲೆ. ದಾರ ಕವಲೊಡೆಯುವ ಜಾಗದಲ್ಲಿ, ಹೊರದಾರಿಯ ಕಡೆಗೆ, ಒಬ್ಬೊಬ್ಬರೂ ತಮ್ಮ ಬಿಲ್ಲೆಯನ್ನು ದಾರಕ್ಕೆ ಸಿಕ್ಕಿಸಿ ಒಳಗೆ ಹೋಗಬೇಕು. ಬರುವಾಗ ತಮ್ಮದನ್ನು ಮಾತ್ರ ತೆಗೆದುಕೊಳ್ಳಬೇಕು, ಇನ್ನೊಬ್ಬರದನ್ನು ಮುಟ್ಟಬಾರದು. ದಾರದ ಮೇಲೆ ಬಿಲ್ಲೆ ಇದೆ ಎಂದರೆ ಅದರ ಒಡೆಯ ಇನ್ನೂ ಒಳಗಿದ್ದಾನೆ ಎಂದು ಲೆಕ್ಕ. ಕೆಸರೆದ್ದರೆ ದೀಪ ಮೂಗಿನ ಮುಂದೆ ಹಿಡಿದರೂ ಕಾಣುವುದಿಲ್ಲ, ಹಾಗಾಗಿ ಬೆರಳಿಗೆ ಗೊತ್ತಾಗಲೆಂದು ಬಿಲ್ಲೆಯ ಅಂಚಿನಲ್ಲಿ ಚಾಕುವಿನಿಂದ ಕಚ್ಚು ಮಾಡಿಕೊಳ್ಳುತ್ತೇವೆ. ನನ್ನದಕ್ಕೆ ಎರಡು ಕಚ್ಚು. ನನ್ನ ಗಂಡನದಕ್ಕೆ ಮೂರು.

ಎರಡು ವರ್ಷದ ಹಿಂದೆ ನಾವಿಬ್ಬರೂ ಒಟ್ಟಿಗೆ ಇಳಿದಿದ್ದೆವು. ವಾಪಸು ಬರುವಾಗ ಮೇಲಿನಿಂದ ಮಣ್ಣು ಕುಸಿದು ಇಡೀ ದಾರಿ ರಾಡಿಯಾಯಿತು. ಮುಂದೆ ನಾನಿದ್ದೆ. ನನ್ನ ತೋಳು ಹಿಡಿದಿದ್ದ ಅವನ ಕೈ ಎಲ್ಲೋ ತಪ್ಪಿತು. ನಾನು ಕಾದೆ, ತಡಕಾಡಿದೆ, ಸಿಗಲಿಲ್ಲ. ಗಾಳಿ ಕಡಿಮೆಯಾಗುತ್ತ ಬಂತು. ದಾರ ಹಿಡಿದು ಬಂದರೆ ಹಿಂದೆಯೇ ಬರುತ್ತಾನೆ ಎಂದುಕೊಂಡು ಕವಲಿಗೆ ಬಂದೆ. ಎರಡು ಬಿಲ್ಲೆ ಕೈಗೆ ತಾಗಿದವು. ದಪ್ಪ ಗ್ಲೌಸು, ಮರಗಟ್ಟಿದ ಬೆರಳು. ನನ್ನದೆಂದು ಒಂದನ್ನು ಕಿತ್ತುಕೊಂಡು ಹೊರಬಂದೆ. ಮೇಲೆ ಬಂದು ಮುಷ್ಟಿ ಬಿಚ್ಚಿದರೆ ಮೂರು ಕಚ್ಚು.

ಅವನು ಕವಲಿಗೆ ಬರುತ್ತಾನೆ. ಅವನ ಬಿಲ್ಲೆ ಇಲ್ಲ, ಎಲ್ಲೋ ಬಿದ್ದಿದೆ ಎಂದುಕೊಳ್ಳುತ್ತಾನೆ. ನನ್ನದು ಇದೆ. ಅಂದರೆ ನಾನಿನ್ನೂ ಒಳಗಿದ್ದೇನೆ.

ಮತ್ತೆ ಇಳಿಯಲು ನನ್ನ ಸಿಲಿಂಡರಿನಲ್ಲಿ ಗಾಳಿ ಇರಲಿಲ್ಲ. ಎರಡು ಗಂಟೆಯ ಮೇಲೆ ಹೊಸ ಸಿಲಿಂಡರು ಹಾಕಿಕೊಂಡು, ಶಾಲೆಯ ಯಜಮಾನರಾದ ಗಂಟು ಮೇಷ್ಟ್ರ ಜೊತೆ ಇಳಿದೆ. ಕವಲಿನಲ್ಲಿ ನನ್ನ ಬಿಲ್ಲೆ ಹಾಗೇ ಇತ್ತು. ಮೇಷ್ಟ್ರ ದೀಪ ಹತ್ತಿರ ಬರುವುದರೊಳಗೆ ಅದನ್ನು ಕಿತ್ತು ಜೇಬಿಗೆ ಸೇರಿಸಿದೆ. ಕೈ ತಾನಾಗಿಯೇ ಹೋಯಿತು. ಗಂಡ ಕಟ್ಟಕಡೆಯ ಕೋಣೆಯಲ್ಲಿ ಸಿಕ್ಕಿದ, ಎಡಗೈಯಲ್ಲಿ ದಾರ, ಬಲಗೈ ಮುಂದಕ್ಕೆ ಚಾಚಿತ್ತು.

ಅವನ ಕೈಗೆ ಕಟ್ಟಿದ್ದ ಯಂತ್ರದಲ್ಲಿ ಎಲ್ಲ ದಾಖಲಾಗಿತ್ತು. ಕವಲಿನವರೆಗೆ ಬಂದವನು ಮತ್ತೆ ಒಳಗೆ ಹೋಗಿದ್ದಾನೆ ಎಂದರು ತನಿಖೆಯವರು. ಯಾಕೆ ಹೋದರು, ಗೊತ್ತಾ, ಎಂದು ಕೇಳಿದರು. ಗೊತ್ತಿಲ್ಲ ಎಂದೆ. ಅವನ ಬಿಲ್ಲೆ ಕಳೆದುಹೋಯಿತು ಎಂದೆ. 'ಇನ್ನಷ್ಟು ನೋಡುವ ಆಸೆಯಿಂದ ಹಿಂದಿರುಗಿರಬಹುದು' ಎಂದು ಬರೆದುಕೊಂಡರು. ಅತ್ತೆ ಆ ಕಾಗದವನ್ನು ಎರಡು ಸಲ ಓದಿದರು. ಹಾಲಿನ ಗೋಡೆಯ ಮೇಲಿದ್ದ ಮಗನ ಫೋಟೋ ಇಳಿಸಿ ಬೀರುವಿನಲ್ಲಿ ಸೀರೆಗಳ ಕೆಳಗೆ ಇಟ್ಟರು. "ಹೆತ್ತೋಳು, ಕಟ್ಕೊಂಡೋಳು ಯಾರೂ ನೆನಪಾಗ್ಲಿಲ್ಲ ಅವನಿಗೆ. ಕಲ್ಲು ನೋಡೋಕೆ ಹೋದ," ಎಂದರು. ನನ್ನ ತಲೆ ಸವರಿದರು. ಆ ಕೈಯನ್ನು ತಳ್ಳಿಬಿಡಬೇಕು ಎನ್ನಿಸಿತು, ತಳ್ಳಲಿಲ್ಲ.

ಮೈದುನ ನಮ್ಮ ಶಾಲೆಗೆ ಸೇರಿದ್ದು ಅದಾದ ಮೇಲೆ. ನಡೆಯುವ ಮೊದಲೇ ಈಜಿದವನೆಂದು ಮನೆಯಲ್ಲಿ ಅವನಿಗೆ ಬಾತು ಎನ್ನುತ್ತಾರೆ. ಹಗಲು ಲಿಫ್ಟ್ ರಿಪೇರಿ ಕೆಲಸ, ರಜೆ ಸಿಕ್ಕಾಗೆಲ್ಲ ನೀರು. ಮೂರನೆಯ ಹಂತದಲ್ಲಿ ಬಿಲ್ಲೆ ಕೊಟ್ಟ ದಿನ ನಾಲ್ಕು ಕಚ್ಚು ಮಾಡಿಕೊಂಡು ಬಂದ.

"ಅಣ್ಣನಿಗಿಂತ ಒಂದು ಜಾಸ್ತಿ, ಅತ್ತಿಗೆ," ಎಂದು ಹಲ್ಲು ಕಿರಿದ. ಆಮೇಲೆ ಮುಖ ಇಳಿಸಿ, "ಅವನ ಹಾಗೆ ನಾನು ಆಸೆಗೆ ಬೀಳಲ್ಲ. ಕಾರ್ಡು ಬಂದ ಮೇಲೆ ನಿಮ್ಮ ಜೊತೆಗೇ ಇಳೀತೀನಿ. ನಿಮ್ಮನ್ನ ಬಿಟ್ಟು ಹೋಗಲ್ಲ," ಎಂದ.

ನನ್ನನ್ನೇ ನಂಬಿ ನನ್ನ ಹಿಂದೆ ಇಳಿಯುತ್ತೇನೆ ಎನ್ನುವವನಿಗೆ ನಾನು ಹೇಗೆ ಕಾರ್ಡು ಕೊಡಲಿ? ಅದಕ್ಕೇ ಗಂಟು ಸಡಿಲ, ಕಾಲು ಜೋರು.

ಎರಡನೆಯ ಸಲ ಫೇಲ್ ಮಾಡಿದ ಮಾರನೆಯ ದಿನ ಗಂಟು ಮೇಷ್ಟ್ರು ನನ್ನನ್ನು ಸಿಲಿಂಡರ್ ತುಂಬುವ ಕೋಣೆಗೆ ಕರೆದರು. ಹೊಸಬರಿಗೆ ಗಂಟು ಹಾಕಲು ಕಲಿಸುವುದರಿಂದ ತಮಗೆ ಈ ಹೆಸರು ಬಂತೆಂದು ಅವರು ತಿಳಿದಿದ್ದಾರೆ. ಅವರ ಮುಖ ಒಮ್ಮೆ ನೋಡಿದವರಿಗೆ ನಿಜ ಗೊತ್ತಾಗುತ್ತದೆ. ಕಂಪ್ರೆಸರ್ ಆರಿಸಿದರು. ಗೋಡೆಯುದ್ದಕ್ಕೂ ನೇತುಹಾಕಿದ್ದ ಒದ್ದೆ ಸೂಟುಗಳಿಂದ ನೀರು ತೊಟ್ಟಿಕ್ಕುವ ಸದ್ದು ಕೇಳಿಸತೊಡಗಿತು.

"ನೋಡಮ್ಮಾ, ಆ ಹುಡುಗ ನನಗಿಂತ ಚೆನ್ನಾಗಿ ಈಜ್ತಾನೆ," ಎಂದರು. "ಗಂಡನ್ನ ಕಳ್ಕೊಂಡೋಳು, ಹೆದರ್ತೀಯ, ಒಪ್ತೀನಿ. ಆದ್ರೆ ಇನ್ನೊಂದ್ಸಲ ಫೇಲ್ ಮಾಡಿದ್ರೆ ಕಾರಣ ನನ್ನ ಮುಂದೆ ಹೇಳ್ಬೇಕು. ಇಲ್ದಿದ್ರೆ ಕಾರ್ಡಿಗೆ ನಾನೇ ಸೈನ್ ಹಾಕ್ತೀನಿ."

"ಈ ಸಲ ಕಾರಣ ಹೇಳ್ತೀನಿ ಮೇಷ್ಟ್ರೇ," ಎಂದೆ.

ನಮ್ಮ ಪರೀಕ್ಷೆ ಮೊದಲು ನೆಲದ ಮೇಲೆ, ಆಮೇಲೆ ನೀರಿನಲ್ಲಿ. ಶಾಲೆಯ ಹಿತ್ತಲಿನಲ್ಲಿ ಕಂಬಗಳನ್ನು ನೆಟ್ಟು, ಕಂಬದಿಂದ ಕಂಬಕ್ಕೆ ದಾರ ಎಳೆದು, ಗುಹೆಯ ದಾರಿಯನ್ನೇ ಮಾಡಿದ್ದೇವೆ. ವಾಪಸು ಬರುವಾಗ ಕಪ್ಪು ಟೇಪು ಅಂಟಿಸಿದ ಮಾಸ್ಕು ಹಾಕಿಕೊಂಡು ದಾರ ಹಿಡಿದು ನಡೆಯಬೇಕು, ಮಾತಾಡಬಾರದು. ಬೀದಿಯವರು ಕಾಂಪೌಂಡಿನ ಮೇಲಿಂದ ಇಣುಕಿ ನಗುತ್ತಾರೆ. ನಗಲಿ, ಅವರಪ್ಪನ ಗಂಟೇನು ಹೋಗಬೇಕು.

ಮೂರನೆಯ ಸಲದ ಪರೀಕ್ಷೆಯ ದಿನ ಮಧ್ಯಾಹ್ನ ಬಾತು ಮತ್ತು ನಾನು ಇಬ್ಬರೇ. ಒಳಗೆ ಹೋಗುವಾಗ ಕವಲಿನ ಕಂಬದ ಬಳಿ ಅವನು ತನ್ನ ನಾಲ್ಕು ಕಚ್ಚಿನ ಬಿಲ್ಲೆ ಸಿಕ್ಕಿಸಿದ. ಪಕ್ಕದಲ್ಲಿ ನಾನು ನನ್ನದನ್ನು ಸಿಕ್ಕಿಸಿದೆ. ಕೊನೆಯ ಕಂಬ ಮುಟ್ಟಿ, ಅವನಿಗೆ ಮಾಸ್ಕು ಹಾಕಿಸಿದೆ.

"ಕೆಸರೆದ್ದಿದೆ ಅಂದ್ಕೋ. ದಾರೀಲಿ ನಮ್ಮಿಬ್ಬರ ಕೈ ತಪ್ಪಿದೆ. ನಾನು ಎಲ್ಲಿದ್ದೀನಿ ನಿನಗೆ ಗೊತ್ತಿಲ್ಲ. ಅರ್ಧ ನಿಮಿಷ ಬಿಟ್ಟು ಹೊರಡು."

ಚಪ್ಪಲಿ ಕೈಯಲ್ಲಿ ಹಿಡಿದು ಸದ್ದಿಲ್ಲದೆ ಮುಂದೆ ಬಂದೆ. ಕವಲಿನಲ್ಲಿ ಅವನ ಬಿಲ್ಲೆ ತೆಗೆದುಕೊಂಡೆ. ನನ್ನದನ್ನು ಅಲ್ಲೇ ಬಿಟ್ಟೆ. ಹಿತ್ತಲ ಬಾಗಿಲ ಬಳಿ ಹೋಗಿ ನಿಂತೆ.

ಬಾಯಿಬಿಟ್ಟು ಹೇಳಲು ಎರಡು ವರ್ಷ ಹೆಣಗಿದ್ದೆ. ಆಗಿರಲಿಲ್ಲ. ನನಗೆ ಗೊತ್ತಿದ್ದದ್ದು ಕಲಿಸುವುದೊಂದೇ.

ಅವನು ಬಂದ. ಎಡಗೈ ದಾರದ ಮೇಲೆ, ಬಲಗೈ ಮುಖದ ಮುಂದೆ. ಕವಲಿನಲ್ಲಿ ಬೆರಳು ನಿಂತವು. ನನ್ನ ಬಿಲ್ಲೆ ಸಿಕ್ಕಿತು, ಅಂಚು ಸವರಿ ಎಣಿಸಿದ. ತನ್ನದನ್ನು ಹುಡುಕಿದ, ಇಲ್ಲ. ಕಂಬದ ಆ ಕಡೆ ಹುಡುಕಿದ, ಇಲ್ಲ. ಮತ್ತೆ ನನ್ನದನ್ನು ಮುಟ್ಟಿ ಎಣಿಸಿದ. ಹೊರದಾರಿ ಅವನ ಮುಂದೆ ಹತ್ತು ಹೆಜ್ಜೆ, ಅದು ಅವನಿಗೂ ಗೊತ್ತು.

ಅವನು ತಿರುಗಿ ಒಳಗೆ ಹೋದ.

ಒಂದು ಗಳಿಗೆಯೂ ಯೋಚಿಸಲಿಲ್ಲ. ಕೊನೆಯ ಕಂಬದ ಹತ್ತಿರ ಮಂಡಿಯೂರಿ, ಎಡಗೈ ದಾರ ಬಿಡದೆ, ಬಲಗೈ ಚಾಚಿ ನೆಲವನ್ನೆಲ್ಲ ತಡಕಿದ. ಸ್ವಲ್ಪ ಸರಿದು ಮತ್ತೆ ತಡಕಿದ. ನನಗಾಗಿ. ನಾನು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದೆ. ಅವನ ಅಣ್ಣ ಎಷ್ಟು ಹೊತ್ತು ಹೀಗೆ ಹುಡುಕಿದ್ದನೋ.

"ಸಾಕು ಬಾತು, ನಿಲ್ಲು," ಎಂದೆ. "ನಾನು ಹೊರಗಿದ್ದೀನಿ."

ಮಾಸ್ಕು ಕಿತ್ತು ನನ್ನ ಕಡೆ ನೋಡಿದ. ಸಿಟ್ಟು ಬಂದಿತ್ತು. "ಏನತ್ತಿಗೆ ಇದು? ನಿಮ್ಮ ಬಿಲ್ಲೆ ದಾರದ ಮೇಲೇ ಇತ್ತಲ್ಲ. ನೀವು ಒಳಗೇ ಸಿಕ್ಕಿಹಾಕ್ಕೊಂಡಿದ್ದೀರಿ ಅಂತ ನಾನು..."

ಅಲ್ಲಿಗೆ ನಿಲ್ಲಿಸಿದ. ಕವಲಿನ ಕಂಬವನ್ನು ನೋಡಿದ. ನಾನು ಹತ್ತಿರ ಹೋಗಿ ಅವನ ಅಂಗೈಯಲ್ಲಿ ಗಂಡನ ಬಿಲ್ಲೆ ಇಟ್ಟೆ. ಹೆಬ್ಬೆರಳಿನಿಂದ ಅಂಚು ಸವರಿದ. ಒಂದು, ಎರಡು, ಮೂರು.

"ಇದು ಕಳೆದುಹೋಯ್ತು ಅಂದಿದ್ರಿ."

"ನನ್ನದು ಅಂದ್ಕೊಂಡು ನಾನೇ ತಂದ್ಬಿಟ್ಟೆ. ನನ್ನದು ಅಲ್ಲೇ ಉಳೀತು. ಆಮೇಲೆ ಯಾರಿಗೂ ಕಾಣದ ಹಾಗೆ ಅದನ್ನೂ ತೆಗೆದೆ."

ಬೈಯಲಿ, ಹೊಡೆಯಲಿ ಎಂದು ಕಾದೆ.

"ಪರೀಕ್ಷೆಯಲ್ಲಿ ನೀನು ಮಾಡಿದ್ದು ಸರಿ," ಎಂದೆ. "ಅವನು ಮಾಡಿದ್ದೂ ಸರಿಯೇ. ಪಾಸು ನೀನು. ನೀರಿನ ಪರೀಕ್ಷೆ ಮೇಷ್ಟ್ರು ತಗೋತಾರೆ. ಅವರಿಗೂ ಹೇಳ್ತೀನಿ."

"ಅಮ್ಮಂಗೆ?"

"ಈಗ ಮನೆಗೆ ಹೋಗ್ತೀನಿ."

"ನಾನು ಬರಲ್ಲ," ಎಂದ. ಬಿಲ್ಲೆಯನ್ನು ನನ್ನ ಕೈಗೆ ವಾಪಸು ಹಾಕಿದ. "ನೀವೇ ಹೇಳಿ. ಇನ್ಮೇಲೆ ನಿಮ್ಮ ಜೊತೆ ನಾನು ನೀರಿಗೆ ಇಳಿಯಲ್ಲ."

ಅತ್ತೆ ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತ ಕೂತಿದ್ದರು. "ಪಾಸಾದ್ನಾ?" ಎಂದರು. ಹೌದು ಎಂದೆ. ಬಿಲ್ಲೆಯನ್ನು ಅವರ ಮುಂದಿಟ್ಟು, ನಿಂತುಕೊಂಡೇ, ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಕೂತರೆ ಅಳುತ್ತೇನೆ ಎಂದು ಗೊತ್ತಿತ್ತು. ಅವರು ಸೊಪ್ಪು ಬಿಡಿಸುವುದನ್ನು ನಿಲ್ಲಿಸಲಿಲ್ಲ. ಕಟ್ಟು ಮುಗಿದ ಮೇಲೂ ಬರಿಗೈಯಲ್ಲಿ ದಂಟು ಹುಡುಕುತ್ತಿದ್ದರು.

"ಹಾಗಾದ್ರೆ ಕಲ್ಲು ನೋಡೋಕೆ ಹೋಗಿದ್ದಲ್ಲ ಅವನು."

"ಅಲ್ಲ ಅತ್ತೆ."

"ನಿನ್ನನ್ನ ಹುಡುಕ್ಕೊಂಡು ಹೋದ."

"ಹೌದು."

ಎದ್ದು ಕೋಣೆಗೆ ಹೋದರು. ಬೀರು ತೆರೆದ ಸದ್ದು ಬಂತು. ಫೋಟೋವನ್ನು ಸೆರಗಿನಿಂದ ಒರೆಸುತ್ತ ಹಾಲಿಗೆ ಬಂದರು. ಹಳೆಯ ಮೊಳೆಗೆ ಕೈ ಎಟುಕಲಿಲ್ಲ. ಸ್ಟೂಲು ಎಳೆಯಲು ನಾನು ಮುಂದೆ ಬಂದೆ, ಕೈ ಅಡ್ಡ ಹಿಡಿದು ತಡೆದರು. ತಾವೇ ಎಳೆದುಕೊಂಡು, ಹತ್ತಿ, ಮಗನನ್ನು ಗೋಡೆಗೆ ಹಾಕಿದರು. ಎರಡು ವರ್ಷ ಅವನನ್ನು ಬೈದ ಬಾಯನ್ನು ಸೆರಗಿನಿಂದ ಮುಚ್ಚಿಕೊಂಡು ಸ್ಟೂಲಿನ ಮೇಲೆಯೇ ನಿಂತರು.

"ಇವತ್ತು ನನ್ನ ಕಣ್ಣೆದುರು ಇರಬೇಡ," ಎಂದರು, ನನ್ನ ಕಡೆ ತಿರುಗದೆ.

ಇವತ್ತು ಎಂದರು. ಆ ಒಂದು ಮಾತನ್ನು ಮನಸ್ಸಿನಲ್ಲಿ ಮತ್ತೆ ಮತ್ತೆ ಹೇಳಿಕೊಳ್ಳುತ್ತ ಮೆಟ್ಟಿಲಿಳಿದು ಬೀದಿಗೆ ಬಂದೆ.